ಉಸಿರು ಕಟ್ಟಿದ ಗಾಡಿ

ತರೀಕೆರೆಯ ಪೇಟೆಬೀದಿಯಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ ದೇವೀರಪ್ಪ ಐವತ್ತು ದಾಟಿದ ಮೇಲೆ ಒಂದು ಹಳೆಯ ಅಂಬಾಸಿಡರ್ ಕಾರು ಕೊಂಡ. ಅರವತ್ತನಾಲ್ಕನೇ ಇಸವಿಯ ಗಾಡಿ. ಹದಿನೇಳು ವರ್ಷ ಯಾವುದೋ ಕಾಫಿ ತೋಟದ ಮ್ಯಾನೇಜರನ ಕೈಯಲ್ಲಿ ಘಟ್ಟ ಹತ್ತಿ ಇಳಿದು ಸವೆದಿತ್ತು. ನಾಲ್ಕು ಬಾಗಿಲೂ ನಾಲ್ಕು ಬಗೆಯ ಸದ್ದು ಮಾಡುತ್ತಿದ್ದವು. ಹಿಂದಿನ ಸೀಟಿನ ಒಂದು ಸ್ಪ್ರಿಂಗು ಕೂತವರ ಬೆನ್ನಿಗೆ ಚುಚ್ಚುತ್ತಿತ್ತು. ಆದರೂ ಅದು ಮನೆ ಮುಂದೆ ಬಂದು ನಿಂತ ದಿನ ದೇವೀರಪ್ಪ ಅದರ ಹಣೆಗೆ ವಿಭೂತಿ ಹಚ್ಚಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಬೀದಿಯವರಿಗೆಲ್ಲ ಸಕ್ಕರೆ ಹಂಚಿದ್ದ.

ಮಗಳನ್ನು ದಾವಣಗೆರೆಗೆ ಕೊಟ್ಟ ಮೇಲೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. “ಇಬ್ಬರಿಗೆ ಇಷ್ಟು ದೊಡ್ಡ ಗಾಡಿ ಯಾಕ್ರೀ?” ಎಂದು ಹೆಂಡತಿ ಮಲ್ಲಿಕಾಂಬ ಕೇಳಿದ್ದಳು.

“ನಿಮ್ಮಪ್ಪನ್ನ ನೋಡಬೇಕು ಅನ್ನಿಸ್ತು ಅಂತಿಟ್ಕೋ. ಒಂದೂವರೆ ಗಂಟೇಲಿ ಯಗಟೀಲಿರ್ತೀಯ. ಬೀರೂರಲ್ಲಿ ಬಸ್ ಬದಲಾಯ್ಸು, ಕಡೂರಲ್ಲಿ ಬದಲಾಯ್ಸು, ಅದೆಲ್ಲ ಇಲ್ಲ,” ಎಂದಿದ್ದ ದೇವೀರಪ್ಪ. ಆ ಮಾತಿಗೆ ಅವಳು ಒಪ್ಪಿದ್ದಳು. ಯಗಟಿಯಲ್ಲಿ ಅವಳ ತಂದೆ ಈರಪ್ಪನವರಿಗೆ ಆಗಲೇ ಎಪ್ಪತ್ತೆಂಟು ತುಂಬಿತ್ತು.

ಗಾಡಿಯ ಜೊತೆಗೆ ಗ್ರೀಸು ಹತ್ತಿದ ಒಂದು ಇಂಗ್ಲಿಷ್ ಪುಸ್ತಕವೂ ಬಂದಿತ್ತು. ಯಾವ ಭಾಗವನ್ನು ಎಷ್ಟು ಮೈಲಿಗೊಮ್ಮೆ ಬಿಚ್ಚಬೇಕು, ತೊಳೆಯಬೇಕು, ಎಣ್ಣೆ ಹಾಕಬೇಕು ಎಂಬುದೆಲ್ಲ ಚಿತ್ರಸಹಿತ ಅದರಲ್ಲಿತ್ತು. ದೇವೀರಪ್ಪ ಎಸ್ಸೆಸ್ಸೆಲ್ಸಿ ಓದಿದವನು. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಆ ಪುಸ್ತಕ ಹಿಡಿದು, ಅರ್ಥವಾದ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದ. ದಿನವೂ ನಟ್ಟು ಬೋಲ್ಟು ಮಾರುವವನ ಕೈಗೆ ಸ್ಪ್ಯಾನರು ಹೊಸದೇನಲ್ಲ. ಗೇರು, ಬ್ರೇಕು, ಪೆಟ್ರೋಲ್ ಪಂಪು ಇಂಥ ದೊಡ್ಡ ಕೆಲಸ ಬಂದಾಗ ಮಾತ್ರ ಬಿ.ಎಚ್. ರಸ್ತೆಯ ಪಕ್ಕದಲ್ಲಿ ಶೆಡ್ಡು ಹಾಕಿಕೊಂಡಿದ್ದ ಮೆಕ್ಯಾನಿಕ್ ಸಣ್ಣಬೀರಪ್ಪನ ಹತ್ತಿರ ಹೋಗುತ್ತಿದ್ದ. “ಗಾಡಿ ಹೊಟ್ಟೆ ನಿಂದು ಕಣಯ್ಯ, ಮೂಗು ಬಾಯಿ ನಂದು,” ಎಂದು ಅವನಿಗೆ ತಮಾಷೆ ಮಾಡುತ್ತಿದ್ದ. ಸಣ್ಣಬೀರಪ್ಪ ಹೆಚ್ಚು ಮಾತಿನವನಲ್ಲ. ನಕ್ಕು ತನ್ನ ಕೆಲಸ ನೋಡಿಕೊಳ್ಳುತ್ತಿದ್ದ.

ಎಂಬತ್ತಮೂರರ ಬೇಸಿಗೆ. ಯುಗಾದಿ ಕಳೆದ ವಾರ ದೇವೀರಪ್ಪ ಬೀಗರ ಕಡೆಯವರನ್ನು ಕೂರಿಸಿಕೊಂಡು ಕೆಮ್ಮಣ್ಣುಗುಂಡಿಗೆ ಹೋಗಿ ಬಂದ. ಹೋಗುವಾಗ ಇಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಪಂಪು ಸೋರುತ್ತಿದೆಯೆಂದು ಅನುಮಾನ ಬಂದಿದ್ದರಿಂದ, ಬಂದ ಮೇಲೆ ಸಣ್ಣಬೀರಪ್ಪನಿಗೆ ತೋರಿಸಿದ. ಅವನು ಪಂಪಿನೊಳಗಿನ ಹರಿದ ರಬ್ಬರು ತೆಗೆದು ಹೊಸದು ಹಾಕಿ, ಹಾಗೇ ಬಾನೆಟ್ಟಿನೊಳಗೆ ಕಣ್ಣಾಡಿಸಿ, “ಅಣ್ಣಾರೆ, ಗುಡ್ಡದ ಕೆಂಪು ಧೂಳೆಲ್ಲ ಏರ್ ಕ್ಲೀನರಿಗೆ ತುಂಬ್ಕಂಡಿರ್ತದೆ. ನಾನೇ ತೊಳ್ದು ಹಾಕ್ಲಾ?” ಎಂದ.

“ಅದು ನನ್ನ ಕೆಲಸ. ಭಾನುವಾರ ಮಾಡ್ಕೋತೀನಿ ಬಿಡು,” ಎಂದ ದೇವೀರಪ್ಪ.

ಭಾನುವಾರ ಬೆಳಿಗ್ಗೆ ಮನೆ ಮುಂದಿನ ಹೊಂಗೆಮರದ ನೆರಳಿಗೆ ಗಾಡಿ ತಂದು ನಿಲ್ಲಿಸಿ ಪೇಪರು ಹಾಸಿದ. ಇಂಜಿನ್ ಎಳೆದುಕೊಳ್ಳುವ ಗಾಳಿಯ ಧೂಳನ್ನು ಹಿಡಿಯುವುದೇ ಏರ್ ಕ್ಲೀನರಿನ ಕೆಲಸ. ದೊಡ್ಡ ಡಬ್ಬಿಯಂಥ ವಸ್ತು. ತಳದಲ್ಲಿ ಎಣ್ಣೆ, ಅದರ ಮೇಲೆ ತಂತಿಯ ಜಾಲರಿ. ಅಲ್ಲಿಂದ ಬಾಗಿದ ಒಂದು ಕೊಳವೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿಗೆ ಹೋಗುತ್ತದೆ. ದೇವೀರಪ್ಪ ಡಬ್ಬಿಯನ್ನು ಬಿಚ್ಚಿ ಹೊರಗೆ ತೆಗೆದ. ತಳದ ಎಣ್ಣೆ ಕುಂಕುಮ ಕಲಸಿದಂತೆ ಕೆಂಪಗೆ ಗಟ್ಟಿಯಾಗಿತ್ತು. ತೆರೆದ ಕೊಳವೆಯೊಳಗೆ ಕಸ ಬೀಳಬಾರದೆಂದು ಪುಸ್ತಕದಲ್ಲಿ ಬರೆದಿತ್ತು. ಒಗೆದಿಟ್ಟಿದ್ದ ಹಳೇ ಪಂಚೆಯ ತುಂಡೊಂದನ್ನು ಮಡಿಸಿ ಕೊಳವೆಯ ಬಾಯಿಗೆ ತುರುಕಿದ. ಸಡಿಲವಾಗಿದೆ ಎನ್ನಿಸಿ ಬೆರಳಿನಿಂದ ಇನ್ನಷ್ಟು ಒಳಕ್ಕೆ ಒತ್ತಿದ.

ಹಳೆಯ ಬಾಂಡಲಿಯಲ್ಲಿ ಸೀಮೆಎಣ್ಣೆ ಸುರಿದು ಜಾಲರಿ ಉಜ್ಜುತ್ತಿದ್ದಾಗ ಮಲ್ಲಿಕಾಂಬ ಬಾಗಿಲಿಗೆ ಬಂದಳು. “ರೇಷನ್ ಕಾರ್ಡಿಗೆ ಕೊಡೋ ಸೀಮೆಎಣ್ಣೆಯೆಲ್ಲ ನಿಮ್ಮ ಗಾಡಿ ಸ್ನಾನಕ್ಕೇ ಆಯ್ತು. ನಾನು ಸ್ಟವ್ವಿಗೇನು ಹಾಕ್ಲಿ?”

“ನಾಳೆ ತಂದ್ಕೊಡ್ತೀನಿ ಕಣೇ.”

ಅಷ್ಟರಲ್ಲಿ ಲಕ್ಕವಳ್ಳಿ ಕಡೆಯ ರೈತನೊಬ್ಬ ಬಂದು, ಪಂಪ್‌ಸೆಟ್ಟಿನ ಫುಟ್ ವಾಲ್ವು ಕಿತ್ತುಹೋಗಿದೆ, ಪೈರು ಒಣಗುತ್ತಿದೆ, ಒಂದು ಗಳಿಗೆ ಅಂಗಡಿ ತೆಗೆಯಿರಿ ಎಂದು ಕೈ ಮುಗಿದ. ದೇವೀರಪ್ಪ ಜಾಲರಿಯನ್ನು ಬಿಸಿಲಿಗಿಟ್ಟು ಎದ್ದು ಹೋದ. ಅಲ್ಲಿ ಮತ್ತಿಬ್ಬರು ಗಿರಾಕಿಗಳು ಸಿಕ್ಕರು. ತಿರುಗಿ ಬರುವಷ್ಟರಲ್ಲಿ ಒಂದು ಗಂಟೆ ಮೇಲಾಗಿತ್ತು, ಹೊಟ್ಟೆ ಹಸಿದಿತ್ತು. ಜಾಲರಿ ಒಣಗಿತ್ತು. ಹೊಸ ಎಣ್ಣೆಯನ್ನು ಗುರುತಿನವರೆಗೆ ಅಳೆದು ಹಾಕಿ, ಡಬ್ಬಿ ಕೂರಿಸಿ, ನಟ್ಟು ಬಿಗಿದ. ಇಂಜಿನ್ ಚಾಲೂ ಮಾಡಿ ನೋಡಿದರೆ ನಿಂತಲ್ಲೇ ಸಲೀಸಾಗಿ ಓಡಿತು. ಸಮಾಧಾನವಾಗಿ ಊಟಕ್ಕೆ ಎದ್ದ.

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಅಂಗಡಿಯ ಎದುರಿನ ಎಣ್ಣೆಮಿಲ್ಲಿಗೆ ಯಗಟಿಯಿಂದ ಟ್ರಂಕ್ ಕಾಲ್ ಬಂತು. ಮಾತಾಡಿದವನು ಮಲ್ಲಿಕಾಂಬಳ ತಮ್ಮ ಸೋಮಶೇಖರಪ್ಪ. “ಭಾವ, ಅಪ್ಪಂಗೆ ಬೆಳಗಿನ ಜಾವದಿಂದ ಉಸಿರು ಏಳ್ತಿದೆ. ಡಾಕ್ಟರು ಬಂದು ನೋಡಿ, ಎಲ್ಲಿಗೂ ಎತ್ಕೊಂಡು ಹೋಗೋದು ಬೇಡ ಅಂದ್ರು. ಮಾತು ನಿಂತಿಲ್ಲ. ಅಕ್ಕನ್ನೇ ಕೇಳ್ತಿದ್ದಾರೆ. ಬೇಗ ಬಂದ್ಬಿಡಿ.”

ಹನ್ನೊಂದಕ್ಕೆ ಮುಂಚೆಯೇ ಇಬ್ಬರೂ ಹೊರಟರು. ಮಲ್ಲಿಕಾಂಬ ಉಟ್ಟ ಸೀರೆಯಲ್ಲೇ ಬಂದು ಮುಂದಿನ ಸೀಟಿನಲ್ಲಿ ಕೂತಳು. ಹನ್ನೆರಡೂವರೆಗೆ ಯಗಟಿ ಮುಟ್ಟುತ್ತೇವೆ ಎಂದು ದೇವೀರಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಊರು ದಾಟಿ ನಾಲ್ಕು ಮೈಲಿ ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಒಂದು ಸಣ್ಣ ಏರಿನಲ್ಲಿ ಆಕ್ಸಲರೇಟರ್ ಒತ್ತಿದಷ್ಟೂ ಇಂಜಿನ್ ಕುಗ್ಗತೊಡಗಿತು. ಗಂಟಲು ಹಿಸುಕಿದಂತೆ ಎರಡು ಸಲ ಎಳೆದು ನಿಂತೇಹೋಯಿತು. ಹಿಂದೆ ತಿರುಗಿ ನೋಡಿದರೆ ರಸ್ತೆಯ ಮೇಲೆ ಕಪ್ಪು ಹೊಗೆ. ದೇವೀರಪ್ಪ ಇಳಿದು ಬಾನೆಟ್ ಎತ್ತಿದ. ಪೆಟ್ರೋಲಿನ ವಾಸನೆ ಗಮ್ಮೆಂದು ಮುಖಕ್ಕೆ ಹೊಡೆಯಿತು. ಪಂಪಿನ ಪೈಪು ಬಿಚ್ಚಿ ಬಾಯಲ್ಲಿ ಊದಿ ಮತ್ತೆ ಹಾಕಿದ. ಈ ಸಲ ಚಾಲೂ ಆಯಿತು. “ಹೋಯ್ತು, ಕಸ ಇತ್ತು ಅಷ್ಟೇ,” ಎಂದ. ಮೂರು ಮೈಲಿ ಹೋಗುವಷ್ಟರಲ್ಲಿ ಮತ್ತೆ ನಿಂತಿತು. ಮತ್ತೆ ಬಿಚ್ಚಿದ, ಊದಿದ, ಮತ್ತೆ ಹೊರಟಿತು. ನಿಂತು ಸುಧಾರಿಸಿಕೊಂಡರೆ ಹೊರಡುತ್ತದೆ, ಎಳೆತ ಬಂದರೆ ಸಾಯುತ್ತದೆ. ಹೀಗೇ ಬೀರೂರು ಮುಟ್ಟುವಾಗ ಒಂದು ಗಂಟೆಯಾಗಿತ್ತು.

ಬೀರೂರಿನ ಹೊರಗೆ ನಾಲ್ಕನೇ ಸಲ ನಿಂತಾಗ ಒಬ್ಬ ಲಾರಿ ಡ್ರೈವರ್ ತನ್ನ ಲಾರಿ ನಿಲ್ಲಿಸಿ ಇಳಿದು ಬಂದ. ಇಂಜಿನ್ ಚಾಲೂ ಮಾಡಿಸಿ, ಆಕ್ಸಲರೇಟರ್ ಒತ್ತಿಸಿ, ಹಿಂದೆ ಹೋಗಿ ಹೊಗೆ ನೋಡಿದ.

“ಸ್ವಾಮಿ, ಇದು ಪೆಟ್ರೋಲ್ ಇಲ್ದೆ ಸಾಯ್ತಿಲ್ಲ, ಗಾಳಿ ಇಲ್ದೆ ಸಾಯ್ತಿದೆ. ಏರ್ ಕ್ಲೀನರ್ ಒಂದ್ಸಲ ಬಿಚ್ಚಿ ನೋಡಿ.”

“ಅದನ್ನ ಮೊನ್ನೆ ಭಾನುವಾರ ನಾನೇ ಕೈಯಾರೆ ತೊಳ್ದು ಹಾಕಿದೀನಿ ಕಣಪ್ಪ. ಅದ್ರಲ್ಲೇನಿಲ್ಲ.”

“ಬಿಚ್ಚೋಕೆ ಎರಡು ನಿಮಿಷ ಸ್ವಾಮಿ.”

“ಇಲ್ಲ ಅಂದ್ನಲ್ಲ. ಹೋದ ವಾರ ಮೆಕ್ಯಾನಿಕ್ಕು ಪಂಪಿಗೆ ಕೈ ಹಾಕಿದ್ದ. ಅಲ್ಲೇ ಏನೋ ಎಡವಟ್ಟು ಮಾಡಿದಾನೆ.”

ಡ್ರೈವರ್ ಕೈ ಒರೆಸಿಕೊಂಡ. “ನಿಮ್ಮ ಗಾಡಿ, ನಿಮ್ಮಿಷ್ಟ,” ಎಂದು ಹೇಳಿ ಲಾರಿ ಹತ್ತಿದ. ಮಲ್ಲಿಕಾಂಬ ಒಳಗೆ ಕೂತೇ ಎಲ್ಲವನ್ನೂ ಕೇಳಿಸಿಕೊಂಡಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಕಡೂರು ದಾಟಿ ಯಗಟಿಯ ರಸ್ತೆಗೆ ತಿರುಗಿದ ಮೇಲೆ ಗಾಡಿ ಮತ್ತೆ ನಿಂತಿತು. ಬಿಸಿಲು ನೆತ್ತಿಯ ಮೇಲಿಂದ ಸರಿದಿರಲಿಲ್ಲ. ದೇವೀರಪ್ಪ ಈ ಸಲ ಪಂಪನ್ನೇ ಬಿಚ್ಚಿ ರಸ್ತೆಯ ಪಕ್ಕದಲ್ಲಿ ಟವೆಲ್ ಹಾಸಿ ಒಂದೊಂದೇ ಸ್ಕ್ರೂ ಜೋಡಿಸಿಡುತ್ತಿದ್ದ. ಆಗ ಕಡೂರಿನ ಕಡೆಯಿಂದ ಧೂಳೆಬ್ಬಿಸುತ್ತ ಯಗಟಿಯ ಬಸ್ಸು ಬಂತು. ಮಲ್ಲಿಕಾಂಬ ಥಟ್ಟನೆ ಇಳಿದಳು.

“ರೀ, ನಾನು ಬಸ್ಸಿಗೆ ಹೋಗ್ತಿರ್ತೀನಿ. ನೀವು ರಿಪೇರಿ ಮಾಡ್ಕೊಂಡು ಬನ್ನಿ.”

“ಐದು ನಿಮಿಷ ತಡಿಯೇ. ಸಿಕ್ತು ಈಗ, ಇಲ್ಲೇ ಇದೆ ದೋಷ.”

“ಅಪ್ಪ ಕೇಳ್ತಿದ್ದಾರಂತೆ ಕಣ್ರೀ. ಕೈ ಅಡ್ಡ ಹಾಕ್ತೀನಿ.”

ದೇವೀರಪ್ಪನ ಮೈಯೆಲ್ಲ ಬೆವರು, ಮೊಣಕೈವರೆಗೆ ಮಸಿ. “ಗಂಡ ಕಾರಿಟ್ಕೊಂಡು, ಹೆಂಡ್ತಿ ಬಸ್ಸಲ್ಲಿ ಬಂದು ಇಳಿದ್ರೆ ನಿಮ್ಮೂರೋರು ಏನಂತಾರೆ? ನನ್ನ ಮುಖಕ್ಕೆ ಮಸಿ ಬಳೀಬೇಕು ಅಂತಿದೀಯ? ಐದು ನಿಮಿಷ ಅಂದ್ನಲ್ಲ!”

ಅವಳು ಅರ್ಧ ಎತ್ತಿದ್ದ ಕೈ ಇಳಿಸಿದಳು. ಬಸ್ಸು ವೇಗ ತಗ್ಗಿಸಿ, ಯಾರೂ ಕೈ ಮಾಡದ್ದನ್ನು ನೋಡಿ ಮುಂದೆ ಹೋಯಿತು. ಮುಂದಿನ ಬಸ್ಸು ಸಂಜೆ ಐದಕ್ಕೆ.

ಯಗಟಿ ಇನ್ನೂ ಮೂರು ಮೈಲಿ ಇರುವಾಗ ಗಾಡಿ ಪೂರಾ ಕೈಕೊಟ್ಟಿತು. ಕೊಬ್ಬರಿ ಚೀಲ ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿಯವನು ಮಲ್ಲಿಕಾಂಬಳ ಗುರುತು ಹಿಡಿದು, “ಅಯ್ಯೋ, ಈರಪ್ಪೋರ ಮಗಳಲ್ವೇನವ್ವ? ಹತ್ತಿ, ಹತ್ತಿ,” ಎಂದು ಚೀಲಗಳ ಮೇಲೆ ಕೂರಿಸಿಕೊಂಡ. ದೇವೀರಪ್ಪ ಹಿಂದೆ ನಡೆದ. ತೌರುಮನೆಯ ಬಾಗಿಲು ಕಾಣುವಾಗ ನಾಲ್ಕೂವರೆ. ಅಂಗಳದ ತುಂಬ ಜನ, ಜಗಲಿಯ ಮೇಲೆ ಗಂಡಸರು ತಲೆ ತಗ್ಗಿಸಿ ಕೂತಿದ್ದರು. ಮಲ್ಲಿಕಾಂಬ ಗಾಡಿ ನಿಲ್ಲುವ ಮುಂಚೆಯೇ ಧುಮುಕಿ ಒಳಗೆ ಓಡಿದಳು. ಅವಳ ಕೂಗು ಕೇಳಿದಾಗ ದೇವೀರಪ್ಪ ಬೇಲಿಯ ಹತ್ತಿರವೇ ನಿಂತುಬಿಟ್ಟ.

ಈರಪ್ಪನವರ ಜೀವ ಹೋಗಿದ್ದು ಮೂರು ಗಂಟೆಗೆ. ಮಲ್ಲಿಕಾಂಬಳನ್ನು ತಬ್ಬಿಕೊಂಡು ಸೋಮಶೇಖರಪ್ಪನ ಹೆಂಡತಿ ಸಾವಿತ್ರಮ್ಮ ಅಳುತ್ತಲೇ ಹೇಳಿದಳು: “ಮಲ್ಲಿ ಬಂದ್ಲಾ, ಮಲ್ಲಿ ಬಂದ್ಲಾ ಅಂತ ಕೇಳ್ತಾನೇ ಇದ್ರು ಅಕ್ಕ. ಬಸ್ಸಿನ ಸದ್ದಾದಾಗ ಬಾಗಿಲ ಕಡೆ ನೋಡಿದ್ರು. ಏನೋ ಹೇಳಬೇಕು ಅಂತಿದ್ರು. ನಮಗ್ಯಾರಿಗೂ ಹೇಳಲಿಲ್ಲ.”

ಮಾರನೆಯ ದಿನ ಮಠದ ಅಯ್ಯನವರು ಬಂದು ತೋಟದಲ್ಲಿ ಸಮಾಧಿ ಮಾಡಿಸಿದರು. ಬಂದವರೆಲ್ಲ ದೇವೀರಪ್ಪನನ್ನು ಒಂದೇ ಮಾತು ಕೇಳಿದರು. “ಕಾರಿತ್ತಲ್ಲ, ಯಾಕಪ್ಪಾ ತಡ ಆಯ್ತು?” ಅವನೂ ಎಲ್ಲರಿಗೂ ಒಂದೇ ಉತ್ತರ ಕೊಟ್ಟ. “ನಮ್ಮೂರಲ್ಲಿ ಸಣ್ಣಬೀರಪ್ಪ ಅಂತ ಒಬ್ಬ ಮೆಕ್ಯಾನಿಕ್ಕಿದಾನೆ. ಅವನು ಪಂಪಿಗೆ ಕೈ ಹಾಕಿ ಹಾಳು ಮಾಡಿದ.” ಹೇಳುವಾಗ ಅವನು ಅದನ್ನು ಪೂರ್ತಿ ನಂಬಿದ್ದ. ತರೀಕೆರೆಯಿಂದ ಮಣ್ಣಿಗೆ ಬಂದಿದ್ದ ಎಣ್ಣೆಮಿಲ್ಲಿನವರು ಆ ಮಾತನ್ನು ಊರಿಗೆ ಒಯ್ದರು.

ಮೂರನೆಯ ದಿನ ಮನೆಯವರೆಲ್ಲ ಸಮಾಧಿಗೆ ಹಾಲು ತುಪ್ಪ ಬಿಡಲು ಹೋದರು. ಎರಡೆತ್ತು ಕಟ್ಟಿ ಎಳೆತಂದಿದ್ದ ಕಾರು ಹಿತ್ತಲಿನಲ್ಲಿ ನಿಂತಿತ್ತು. ದೇವೀರಪ್ಪ ಹಾಲು ಬಿಟ್ಟು ಎಲ್ಲರಿಗಿಂತ ಮುಂಚೆ ಮನೆಗೆ ಬಂದ. ಲಾರಿ ಡ್ರೈವರನ ಮಾತು ಎರಡು ದಿನದಿಂದ ಕಿವಿಯಲ್ಲಿ ಕೂತಿತ್ತು. ಏನೂ ಇರುವುದಿಲ್ಲ, ಆದರೂ ನೋಡಿಬಿಡೋಣ ಎಂದು ಏರ್ ಕ್ಲೀನರಿನ ನಟ್ಟು ಬಿಚ್ಚಿ ಡಬ್ಬಿ ಎತ್ತಿದ.

ಕೊಳವೆಯ ಬಾಯಿ ಖಾಲಿಯಾಗಿತ್ತು. ಬೆರಳು ಹಾಕಿದ. ಬಾಗಿದ ಜಾಗದಲ್ಲಿ ಮೆತ್ತಗೆ ಏನೋ ತಗುಲಿತು. ಹಿಡಿದು ಎಳೆದಾಗ, ಇಂಜಿನ್ನಿನ ಸೆಳೆತಕ್ಕೆ ಒಳಗೆ ಜಾರಿ ಪೆಟ್ರೋಲಿನಲ್ಲಿ ನೆನೆದು ಕಪ್ಪಾದ ಬಟ್ಟೆ ಮಡಿಕೆ ಮಡಿಕೆಯಾಗಿ ಹೊರಬಂತು. ಅದರ ಅಂಚಿನಲ್ಲಿ ಪಂಚೆಯ ಹಸಿರು ಗೆರೆ ಇನ್ನೂ ಕಾಣುತ್ತಿತ್ತು.

ಅವನು ಅಲ್ಲಿದ್ದ ಒರಳುಕಲ್ಲಿನ ಮೇಲೆ ಕೂತ. ಫುಟ್ ವಾಲ್ವು ಕೇಳಿಕೊಂಡು ಬಂದ ರೈತ, ಹಸಿದ ಹೊಟ್ಟೆ, ಅವಸರದಲ್ಲಿ ಬಿಗಿದ ನಟ್ಟು ಎಲ್ಲ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಬೀರೂರಿನಲ್ಲಿ ಎರಡು ನಿಮಿಷ ಬಿಚ್ಚಿದ್ದರೆ ಸಾಕಿತ್ತು. ಮಧ್ಯಾಹ್ನ ಎರಡರೊಳಗೆ ಮಲ್ಲಿಕಾಂಬ ಅಪ್ಪನ ಕೈ ಹಿಡಿದು ಕೂತಿರುತ್ತಿದ್ದಳು.

ಹೊರಗೆ ಜನರ ಮಾತು ಕೇಳಿಸಿತು. ದೇವೀರಪ್ಪ ಎದ್ದು ಬಚ್ಚಲಮನೆಗೆ ಹೋಗಿ ಉರಿಯುತ್ತಿದ್ದ ಒಲೆಗೆ ಬಟ್ಟೆಯನ್ನು ಹಾಕಿದ. ಅದು ಭಗ್ಗೆಂದು ಹತ್ತಿಕೊಂಡಿತು. ಹೊರಗೆ ಬಂದು ಡಬ್ಬಿ ಕೂರಿಸಿ ಚಾಲೂ ಮಾಡಿದ. ಇಂಜಿನ್ ಮೊದಲಿನ ಹಾಗೆ ಗುಂಯ್‌ಗುಟ್ಟಿತು. ಸೋಮಶೇಖರಪ್ಪ ಹಿತ್ತಲಿಗೆ ಬಂದು, “ಏನಾಗಿತ್ತು ಭಾವ?” ಎಂದ.

“ಪಂಪಲ್ಲಿ ಕಸ ಇತ್ತು ಕಣಪ್ಪ. ಸರಿಯಾಗಿ ಕೂರಿಸಿರಲಿಲ್ಲ ಆ ಬೀರಪ್ಪ,” ಎಂದ ದೇವೀರಪ್ಪ. ನಿನ್ನೆಯವರೆಗೆ ಅದು ತಪ್ಪು ತಿಳಿವಳಿಕೆಯಾಗಿತ್ತು. ಇವತ್ತು ಸುಳ್ಳಾಯಿತು. ಅದು ಅವನಿಗೂ ಗೊತ್ತಿತ್ತು.

ಹನ್ನೊಂದು ದಿನ ಕಳೆದು ತರೀಕೆರೆಗೆ ಹಿಂತಿರುಗಿದರು. ಮಾತು ಅವರಿಗಿಂತ ಮುಂಚೆಯೇ ಬಂದು ಊರೆಲ್ಲ ಸುತ್ತಿತ್ತು. ಟ್ಯಾಕ್ಸಿಯವರಿಬ್ಬರು ತಮ್ಮ ಗಾಡಿಗಳನ್ನು ಸಣ್ಣಬೀರಪ್ಪನ ಶೆಡ್ಡಿನಿಂದ ಬೇರೆ ಕಡೆಗೆ ಒಯ್ದಿದ್ದರು. ದೇವೀರಪ್ಪ ಬಿ.ಎಚ್. ರಸ್ತೆಯ ಆ ಭಾಗದಲ್ಲಿ ಓಡಾಡುವುದನ್ನೇ ಬಿಟ್ಟ. ರಾತ್ರಿಯ ಊಟ ಸೇರುತ್ತಿರಲಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಜನ ಮರೆಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ.

ಮಲ್ಲಿಕಾಂಬ ಮರೆಯುವವಳಾಗಿರಲಿಲ್ಲ. ಒಂದು ಸಂಜೆ ಮಠಕ್ಕೆ ಹೋದವಳು ಬರುವಾಗ ನೇರವಾಗಿ ಸಣ್ಣಬೀರಪ್ಪನ ಶೆಡ್ಡಿನ ಮುಂದೆ ನಿಂತಳಂತೆ. ರಸ್ತೆಯಲ್ಲಿ ಹೋಗುವವರೆಲ್ಲ ಕೇಳುವ ಹಾಗೆ ಹೇಳಿದಳಂತೆ: “ನಮ್ಮಪ್ಪ ನನ್ನ ಹೆಸರು ಕರ್ಕೊಂಡೇ ಪ್ರಾಣ ಬಿಟ್ರಪ್ಪ. ನಿನ್ನ ಕೊನೆಗಾಲಕ್ಕೂ ನಿನ್ನ ಮಕ್ಕಳು ದಾರೀಲೇ ನಿಂತಿರ್ಲಿ.” ಮನೆಗೆ ಬಂದು ಅವಳೇ ಗಂಡನಿಗೆ ಇದನ್ನು ಹೇಳಿದಳು. “ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಅವನು ಒಂದು ಮಾತೂ ಎದುರಾಡ್ಲಿಲ್ಲ. ತಲೆ ಬಗ್ಗಿಸ್ಕೊಂಡು ನಿಂತಿದ್ದ,” ಎಂದು ಹೇಳಿ ಕಾಲು ತೊಳೆಯಲು ಹೋದಳು. ದೇವೀರಪ್ಪ ತೂಗುಮಂಚದ ಸರಪಳಿ ಹಿಡಿದುಕೊಂಡು ಕೂತೇ ಇದ್ದ.

ಎರಡು ದಿನ ಬಿಟ್ಟು, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಸಣ್ಣಬೀರಪ್ಪನೇ ಅಂಗಡಿಗೆ ಬಂದ. ಒಗೆದ ಅಂಗಿ ಹಾಕಿಕೊಂಡಿದ್ದ. ಸ್ಟೂಲು ತೋರಿಸಿದರೂ ಕೂರಲಿಲ್ಲ.

“ಅಣ್ಣಾರೆ, ಅಮ್ಮೋರು ಅಂದಿದ್ದು ನಂಗೆ ಬೇಜಾರಿಲ್ಲ. ಅಪ್ಪನ ಕಳ್ಕಂಡೋರು. ಆದ್ರೆ ನಾನು ಮಾಡಿದ ತಪ್ಪೇನು ಅಂತ ತಿಳೀಬೇಕು. ಎರಡು ವಾರದಿಂದ ನಿದ್ದೆ ಬರ್ತಿಲ್ಲ. ಪಂಪಿನ ರಬ್ಬರು ಮಡಚ್ಕಂಡಿತ್ತಾ? ಸ್ಕ್ರೂ ಸಡ್ಲಾಗಿತ್ತಾ? ಹೇಳಿ. ಇನ್ನೊಬ್ರ ಗಾಡೀಲಿ ಹಂಗಾಗ್ಬಾರ್ದು.”

“ಕಸ ಇತ್ತು ಬೀರಪ್ಪ. ಹೋಗ್ಲಿ ಬಿಡು, ಆಗಿದ್ದಾಯ್ತು.”

“ಹೊಗೆ ಬರ್ತಿತ್ತಾ?”

ದೇವೀರಪ್ಪ ತಕ್ಕಡಿಯ ತೂಕದ ಬಟ್ಟುಗಳನ್ನು ಒಂದರ ಮೇಲೊಂದು ಇಡುತ್ತ, “ನೋಡಲಿಲ್ಲ,” ಎಂದ.

“ಬೀರೂರ ಹತ್ರ ನಿಮ್ಮ ಗಾಡಿ ನೋಡಿದ ಲಾರಿಯವನು ನಮ್ಮ ಶೆಡ್ಡಿಗೆ ಬರ್ತಾನೆ ಅಣ್ಣಾರೆ. ಕರ್ರಗೆ ಹೊಗೆ ಅಂದ. ಪಂಪು ಕೆಟ್ರೆ ಪೆಟ್ರೋಲು ಬರಾಕಿಲ್ಲ, ಹೊಗೇನೂ ಬರಾಕಿಲ್ಲ. ಕರಿ ಹೊಗೆ ಅಂದ್ರೆ ಗಾಳಿ ಸಾಲ್ದು ಅಂತ.” ಸಣ್ಣಬೀರಪ್ಪ ಅವನ ಮುಖವನ್ನೇ ನೋಡುತ್ತಿದ್ದ. ದನಿ ಏರಿಸಲಿಲ್ಲ. “ನಾನು ಗಾಳಿ ಕಡೆ ಕೈ ಹಾಕಿರ್ಲಿಲ್ಲ.”

ದೇವೀರಪ್ಪ ಜೋಡಿಸಿದ್ದ ಬಟ್ಟುಗಳನ್ನು ಒಂದೊಂದಾಗಿ ಮತ್ತೆ ಕೆಳಗಿಳಿಸತೊಡಗಿದ. ಸಣ್ಣಬೀರಪ್ಪ ಇನ್ನೊಂದು ಗಳಿಗೆ ಕಾದ. ಆಮೇಲೆ, “ಬತ್ತೀನಿ,” ಎಂದು ಹೇಳಿ ಮೆಟ್ಟಿಲಿಳಿದು ಹೋದ.

ದೇವೀರಪ್ಪ ಅಂಗಡಿಗೆ ಬೀಗ ಹಾಕಿ ಮನೆಗೆ ನಡೆದ. ಮಲ್ಲಿಕಾಂಬ ತಟ್ಟೆಗೆ ಮುದ್ದೆ ಇಟ್ಟು ಸಾರು ಬಡಿಸುತ್ತಿದ್ದಳು. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಮಲ್ಲಿ, ಸಣ್ಣಬೀರಪ್ಪಂದೇನೂ ತಪ್ಪಿಲ್ಲ. ಏರ್ ಕ್ಲೀನರ್ ತೊಳೆಯೋವಾಗ ಕೊಳವೆಗೆ ಬಟ್ಟೆ ತುರುಕಿದ್ದೆ. ತೆಗೆಯೋದು ಮರೆತೆ. ಯಗಟೀಲಿ ಹಾಲು ತುಪ್ಪದ ದಿನ ಬಿಚ್ಚಿ ನೋಡ್ದೆ. ಸಿಕ್ತು. ಒಲೆಗೆ ಹಾಕಿ ಸುಟ್ಟೆ.”

ಅವಳು ಸೌಟನ್ನು ಪಾತ್ರೆಯೊಳಗಿಟ್ಟು ನೆಲಕ್ಕೆ ಕೂತಳು. ಕೂಗಾಡಬಹುದು, ಅಳಬಹುದು ಎಂದು ಅವನು ಕಾದಿದ್ದ. ಅವಳ ದನಿ ತಗ್ಗಿಯೇ ಇತ್ತು.

“ಬಟ್ಟೆ ಮರೆತ್ರಿ. ಅದಕ್ಕೆ ನಾನೇನೂ ಅನ್ನಲ್ಲ. ಒಲೆ ಮೇಲೆ ಹಾಲಿಟ್ಟು ನಾನೂ ಮರೀತೀನಿ. ಬಸ್ಸು ಬಂದಿತ್ತಲ್ಲ. ಆ ಬಸ್ಸಿನ ಸದ್ದಿಗೆ ಅಪ್ಪ ಬಾಗಿಲ ಕಡೆ ನೋಡಿದ್ರು. ನಾನು ಅದ್ರಲ್ಲಿರಬೇಕಿತ್ತು. ನಿಮ್ಮ ಮರ್ಯಾದೆಗೆ ಅಂತ ಕೈ ಇಳಿಸ್ದೆ.”

“ತಪ್ಪಾಯ್ತು.”

“ಯಾರಿಗೆ ತಪ್ಪಾಯ್ತು ಅಂತೀರಿ? ಏನೂ ಮಾಡದ ಮನುಷ್ಯಂಗೆ, ಹೆಂಡ್ತಿ ಮಕ್ಕಳಿರೋನಿಗೆ, ನನ್ನ ಬಾಯಿಂದ ಅಂಥ ಮಾತು ಅನ್ನಿಸಿದ್ರಲ್ಲ. ಎರಡು ದಿನದ ಹಿಂದೆ ನಾನು ಬಂದು ಹೇಳಿದಾಗ್ಲೂ ಸುಮ್ಮನೇ ಕೂತಿದ್ರಲ್ಲ.” ಅವಳು ಎದ್ದು ಒಲೆಯ ಬೆಂಕಿ ಆರಿಸಿದಳು. “ಏಳಿ. ಈಗ್ಲೇ ಹೋಗಿ ನನ್ನ ಮಾತು ವಾಪಸ್ ತಗೋಬೇಕು.”

ಸುಡುಬಿಸಿಲಿನಲ್ಲಿ ಅವಳು ಮುಂದೆ, ಅವನು ಹಿಂದೆ ನಡೆದರು. ಶೆಡ್ಡಿನಲ್ಲಿ ಸಣ್ಣಬೀರಪ್ಪ ಒಂದು ಹಳೇ ಟೈರಿನ ಮೇಲೆ ಕೂತು ಊಟ ಮಾಡುತ್ತಿದ್ದ. ಬುತ್ತಿ ತಂದಿದ್ದ ಅವನ ಹೆಂಡತಿ ಮಾರಮ್ಮ ಪಕ್ಕದಲ್ಲಿ ನಿಂತಿದ್ದಳು. ಇವರನ್ನು ನೋಡಿ ಅವಳ ಮುಖ ಬಿಗಿಯಿತು.

ಮಲ್ಲಿಕಾಂಬ ಸೆರಗೊಡ್ಡಿ, “ಬೀರಪ್ಪ, ನಾನಂದ ಮಾತು ನನಗೇ ತಟ್ಟಲಿ. ನಿನ್ನ ಮಕ್ಕಳು ನೂರು ಕಾಲ ನಿನ್ನ ಹತ್ರಾನೇ ಇರ್ಲಿ. ತಪ್ಪು ನಮ್ಮನೇದು,” ಎಂದಳು. ದೇವೀರಪ್ಪನ ಬಾಯಿಂದ ಮಾತು ತಡೆತಡೆದು ಬಂತು. ಬಟ್ಟೆಯ ಸಂಗತಿ, ಸುಟ್ಟಿದ್ದು, ಸುಳ್ಳು ಹೇಳಿದ್ದು ಎಲ್ಲ ಹೇಳಿದ.

ಸಣ್ಣಬೀರಪ್ಪ ಎಂಜಲು ಕೈಯನ್ನು ಹಾಗೇ ಹಿಡಿದುಕೊಂಡು ಕೇಳಿದ. “ಅಮ್ಮಾ, ಸೆರಗು ಇಳ್ಸಿ,” ಎಂದ. ದೇವೀರಪ್ಪನ ಕಡೆ ನೋಡಲಿಲ್ಲ.

ಮಾತಾಡಿದವಳು ಮಾರಮ್ಮ. “ಒಳಗೆ ಬಂದು ಮೆಲ್ಲಗೆ ಹೇಳ್ತಿದೀರಲ್ಲ ಸ್ವಾಮಿ. ಇವರ ಮಾನ ಹೋಗಿದ್ದು ಬೀದೀಲಿ. ನಂಗೊಬ್ಬಳಿಗೆ ಹೇಳಿದ್ರೆ ಟ್ಯಾಕ್ಸಿಯೋರು ತಿರುಗಿ ಬತ್ತಾರಾ? ನಾನು ನೀರಿಗೆ ಹೋದ್ರೆ ಹೆಂಗಸ್ರು ನನ್ನ ಮುಖ ನೋಡಿ ಪಿಸಪಿಸ ಅಂತಾರೆ.”

“ಸುಮ್ನಿರೇ,” ಎಂದ ಸಣ್ಣಬೀರಪ್ಪ.

“ಅವಳು ಹೇಳಿದ್ದು ಸರಿಯಿದೆ,” ಎಂದಳು ಮಲ್ಲಿಕಾಂಬ.

ದೇವೀರಪ್ಪ ಅಲ್ಲಿಂದ ಟ್ಯಾಕ್ಸಿಗಳು ನಿಲ್ಲುವ ಜಾಗದ ಎದುರಿನ ಟೀ ಹೋಟೆಲ್ಲಿಗೆ ಹೋದ. ಮೂವತ್ತು ವರ್ಷ ಆ ಊರಿನಲ್ಲಿ ವ್ಯಾಪಾರ ಮಾಡಿದವನೆಂದು ಎಲ್ಲರೂ ಎದ್ದು ಜಾಗ ಬಿಟ್ಟರು. ಅವನು ಕೂರಲಿಲ್ಲ. ನಿಂತೇ ಹೇಳಿದ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು. ಒಬ್ಬ ಡ್ರೈವರ್ ಕಿಸಕ್ಕನೆ ನಕ್ಕು, “ಅಂಗಡಿ ತುಂಬ ಸ್ಪ್ಯಾನರು ಮಾರ್ತೀರಲ್ಲ ಯಜಮಾನ್ರೆ!” ಎಂದ. ಇನ್ನೊಬ್ಬ ವಯಸ್ಸಾದವನು ಅವನನ್ನು ಗದರಿಸಿ, “ಹೋಗ್ಲಿ, ಬಾಯ್ಬಿಟ್ಟು ಹೇಳಿದ್ರಲ್ಲ,” ಎಂದ. ದೇವೀರಪ್ಪನಿಗೆ ಎರಡೂ ಮಾತು ಒಂದೇ ಹಾಗೆ ಚುಚ್ಚಿದವು. ಅಲ್ಲಿಂದ ಎಣ್ಣೆಮಿಲ್ಲಿಗೆ ಹೋಗಿ ಅಲ್ಲಿಯೂ ಹೇಳಿದ. ಅಂಗಡಿಗೆ ಬಂದು ಯಗಟಿಗೆ ಕಾಗದ ಬರೆಯಲು ಕೂತ. ಸೋಮಶೇಖರಪ್ಪನಿಗೆ ಬರೆದ ಆ ನಾಲ್ಕು ಸಾಲು ಮುಗಿಸಲು ಮೂರು ಇನ್‌ಲ್ಯಾಂಡ್ ಕಾಗದ ಹಾಳಾದವು. ಅದಕ್ಕೆ ಉತ್ತರ ಬರಲಿಲ್ಲ.

ಟ್ಯಾಕ್ಸಿಯವರಲ್ಲಿ ಒಬ್ಬ ಸಣ್ಣಬೀರಪ್ಪನ ಶೆಡ್ಡಿಗೆ ಮರಳಿದ. ಇನ್ನೊಬ್ಬ ಹೊಸ ಕಡೆಯೇ ಉಳಿದ. ಸಣ್ಣಬೀರಪ್ಪ ದಾರಿಯಲ್ಲಿ ಎದುರಾದರೆ ನಮಸ್ಕಾರ ಹೇಳುತ್ತಿದ್ದ. ಆದರೆ ದೇವೀರಪ್ಪ ಬ್ರೇಕಿನ ಕೆಲಸಕ್ಕೆಂದು ಗಾಡಿ ಒಯ್ದಾಗ, “ಕೈ ತುಂಬ ಕೆಲಸ ಐತೆ ಅಣ್ಣಾರೆ, ಕಡೂರಲ್ಲಿ ಮಾಡಿಸ್ಬಿಡಿ,” ಎಂದ. ಶೆಡ್ಡಿನಲ್ಲಿ ಒಂದೇ ಒಂದು ಗಾಡಿ ನಿಂತಿತ್ತು. ದೇವೀರಪ್ಪ ಗಾಡಿ ತಿರುಗಿಸಿಕೊಂಡು ಬಂದ.

ಏರ್ ಕ್ಲೀನರನ್ನು ಅವನು ಈಗಲೂ ತಾನೇ ತೊಳೆಯುತ್ತಿದ್ದ. ಕೊಳವೆಗೆ ಇಡುವ ಬಟ್ಟೆಗೆ ಒಂದು ಮಾರು ಹುರಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕಿಟಕಿಯೊಳಗಿಂದ ತಂದು ಸ್ಟಿಯರಿಂಗಿಗೆ ಕಟ್ಟುತ್ತಿದ್ದ. ಮಲ್ಲಿಕಾಂಬ ಹೊಸಿಲಿನಲ್ಲಿ ನಿಂತು ನೋಡುತ್ತಿದ್ದಳು. ಮೊದಲಿನಂತೆ ಸೀಮೆಎಣ್ಣೆಗಾಗಿ ಜಗಳ ತೆಗೆಯಲಿಲ್ಲ. ಬೇಕಾದಷ್ಟೇ ಮಾತು, ಊಟಕ್ಕೆ ಬನ್ನಿ, ಬಾಗಿಲು ಹಾಕಿ, ಇಷ್ಟೇ. ಅದು ಅವನಿಗೆ ಜಗಳಕ್ಕಿಂತ ಕಷ್ಟವಾಗಿತ್ತು. ಅಪ್ಪನ ಹೆಸರನ್ನಂತೂ ಅವಳು ಅವನ ಎದುರಿಗೆ ಎತ್ತಲೇ ಇಲ್ಲ.

ಮುಂಗಾರು ಹಿಡಿಯುವ ಮುಂಚೆ, ಒಂದು ಮಧ್ಯಾಹ್ನ, ಅವಳು ಹಜಾರದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವನು ಊಟ ಮುಗಿಸಿ ಗೋಡೆಗೊರಗಿ ಕೂತಿದ್ದ. ಅವಳು ಕೈಯಲ್ಲಿದ್ದ ಹಣ್ಣನ್ನೇ ನೋಡುತ್ತ ಇದ್ದಕ್ಕಿದ್ದಂತೆ ಹೇಳಿದಳು.

“ನಮ್ಮಪ್ಪಂಗೆ ತೆಂಗಿನಕಾಯಿ ಸುಲಿಯೋಕೆ ಬರ್ತಿರ್ಲಿಲ್ಲ. ಗೊತ್ತಾ ನಿಮಗೆ?”

“ಇಲ್ಲ,” ಎಂದ ದೇವೀರಪ್ಪ.

“ಅಷ್ಟು ದೊಡ್ಡ ತೋಟ. ಆಳುಗಳ ಮುಂದೆ ಬೆನ್ನು ನೋವು ಅಂತ ನೆಪ ಹೇಳೋರು. ಅವ್ವ ಹಿತ್ತಲಲ್ಲಿ ಸುಲಿದು ತಂದಿಡೋಳು. ಒಂದು ದಿನ ನಾನು ನೋಡ್ಬಿಟ್ಟೆ, ಯಾರೂ ಇಲ್ಲದಾಗ ಒಬ್ಬರೇ ಕೂತು ಕಲೀತಿದ್ರು. ಕೈಯೆಲ್ಲ ತರಚಿ ರಕ್ತ. ಯಾರಿಗೂ ಹೇಳ್ಬೇಡ ಮಲ್ಲಿ ಅಂತ ನಂಗೆ ಬೆಲ್ಲ ಕೊಟ್ರು.” ಅವಳ ತುಟಿಯ ಮೇಲೆ ನಗು ಬಂದು ನಡುಗಿತು. ಕಣ್ಣಿನ ನೀರು ಕೆನ್ನೆಗಿಳಿಯಿತು. ಹುಣಸೆ ಹತ್ತಿದ ಕೈಯಾದ್ದರಿಂದ ಒರೆಸಿಕೊಳ್ಳಲಿಲ್ಲ.

ದೇವೀರಪ್ಪ ಎದ್ದು ಬಂದು ಬುಟ್ಟಿಯ ಈಚೆ ಬದಿಗೆ ಕೂತು, ಒಂದು ಹಣ್ಣು ತೆಗೆದುಕೊಂಡು ನಾರು ಎಳೆಯತೊಡಗಿದ. ಅವಳು ಅವನ ಕಡೆ ನೋಡದೆ ಹೇಳುತ್ತ ಹೋದಳು.